ಕೆಂಡವಿಲ್ಲದ ಧೂಪ

ನಿನ್ನೆ ಸಂಜೆ ಬಿಬವೇವಾಡಿಯ ಮಾರುಕಟ್ಟೆಯಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ಕೊತ್ತಂಬರಿ ಆರಿಸುತ್ತಿದ್ದೆ. ಅಂಗಡಿ ಅಂಗಡಿಗೂ ಲೋಬಾನದ ಹೊಗೆ ಹಾಕುತ್ತ ಒಬ್ಬಾತ ಬಂದ. ಆ ವಾಸನೆ ಬಡಿದದ್ದೇ ತಡ, ಸೆರಗಿನಿಂದ ಕೂಸಿನ ಮೂಗು ಮುಚ್ಚಿ ಓಟ ಕಿತ್ತೆ. ಕೊತ್ತಂಬರಿಯವಳು ‘ಅಹೋ ಆಜಿ!’ ಎಂದು ಮರಾಠಿಯಲ್ಲಿ ಅಜ್ಜಿಯನ್ನು ಕೂಗುತ್ತಲೇ ಇದ್ದಳು. ಈ ಮೊಣಕಾಲು ನೋವಿನಲ್ಲಿ ನಾನು ಹಾಗೆ ಓಡಿದ್ದೇಕೆಂದು ನಿಮಗಾದರೂ ಹೇಳಬೇಕು.

ಎಪ್ಪತ್ತರ ದಶಕದ ಕೊನೆ. ಧಾರವಾಡದಿಂದ ಮದುವೆಯಾಗಿ ಬಂದ ನಾನು, ಸದಾಶಿವ ಪೇಠದ, ಹತ್ತಾರು ಸಂಸಾರಗಳ ವಾಡೆಯೊಂದರ ಎರಡು ಕೋಣೆಗಳಲ್ಲಿ ಗಂಡ, ಅತ್ತೆ ಮತ್ತು ಎರಡು ವರ್ಷದ ಮಗ ಸುಧೀರನ ಜೊತೆ ಇದ್ದೆ. ನೆಗಡಿ ಬಂತೆಂದರೆ ಸಾಕು, ಸುಧೀರನ ಎದೆ ಸುಂಯ್ ಸುಂಯ್ ಎನ್ನುತ್ತಿತ್ತು, ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ವಾಡೆಯೆಂದರೆ ಗೊತ್ತಲ್ಲ, ಬಾಗಿಲಿಗೊಬ್ಬಳು ವೈದ್ಯೆ. ಒಬ್ಬಳು ಬಾಳೆಹಣ್ಣು ಕೊಡಬೇಡವೆಂದಳು, ಇನ್ನೊಬ್ಬಳು ಮೊಸರು, ಮತ್ತೊಬ್ಬಳು ಪೇರಲಹಣ್ಣು. ಎಲ್ಲರ ಮಾತು ಕೇಳಿದ್ದರೆ ಮಗ ಬರೀ ಗಾಳಿ ಕುಡಿದು ಬದುಕಬೇಕಿತ್ತು. ಪಾಪ, ಅವನಿಗೆ ಸಿಗದಿದ್ದದ್ದೂ ಅದೇ!

ಅತ್ತೆಯ ಔಷಧ ಒಂದೇ, ಹೊಗೆ. ಸ್ನಾನವಾದ ಕೂಡಲೇ ಹಿತ್ತಾಳೆಯ ಧೂಪಾರತಿಯಲ್ಲಿ ಕೆಂಡ, ಅದರ ಮೇಲೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ. ಬಾಗಿಲು ಹಾಕಿಕೊಂಡು ಕೂಸನ್ನು ಅದರ ಮೇಲೆ ಹಿಡಿಯುತ್ತಿದ್ದರು. ನಾನು ಬೇಡವೆಂದರೆ, ‘ನಿನ್ನ ಗಂಡನ್ನ ಬೆಳಸಿದಾಕಿ ನಾನ. ಅವಗೇನಾತು?’ ಎನ್ನುವರು. ಗಂಡನನ್ನು ಕೇಳಿದರೆ ಅವರು ಪೇಪರಿನ ಹಿಂದೆ ಮಾಯ. ಕೊನೆಗೆ ನಾನೂ ಹಟ ಹಿಡಿದೆ. ಹೊಗೆ ನಿಲ್ಲದಿದ್ದರೆ ಮಗನನ್ನು ಕರೆದುಕೊಂಡು ತವರಿಗೆ ಹೋಗಿಬಿಡುವವಳೇ. ಅಟ್ಟದಿಂದ ಟ್ರಂಕೂ ಇಳಿಸಿದ್ದೆ.

ನಮ್ಮ ಓಣಿಯ ಡಾಕ್ಟರು ಬೆಳಗಾವಿ ಕಡೆಯವರು, ನಮ್ಮೊಡನೆ ಕನ್ನಡವನ್ನೇ ಆಡುವವರು. ಒಂದು ಬೆಳಗ್ಗೆ ಉಬ್ಬಸ ಹೆಚ್ಚಾಗಿ ಗಂಡ ಅವರನ್ನು ಮನೆಗೇ ಕರೆತಂದರು. ಬಂದದ್ದು ಸರಿಯಾಗಿ ಹೊಗೆಯ ಹೊತ್ತಿಗೆ! ಡಾಕ್ಟರು ಹೊಸ್ತಿಲಲ್ಲೇ ಕೆಮ್ಮಿದರು. ಇವತ್ತು ಅತ್ತೆಗೆ ಚೆನ್ನಾಗಿ ಮಂಗಳಾರತಿ ಎಂದು ನನಗೆ ಒಳಗೊಳಗೇ ಹಿಗ್ಗು.

ಅವರು ಬೈಯಲೇ ಇಲ್ಲ. ಕೂಸನ್ನು ಪಡಸಾಲೆಯ ಗಾಳಿಗೆ ಒಯ್ದು, ಔಷಧ ಕೊಟ್ಟು, ಉಸಿರು ಹಗುರಾಗುವವರೆಗೆ ಕಾದರು. ಆಮೇಲೆ ಅತ್ತೆಯ ಎದುರು ನೆಲದ ಮೇಲೆ ಕೂತರು.

‘ಅಜ್ಜಿಯವರ, ಹೊಗಿ ಯಾಕ ಹಾಕ್ತೀರಿ?’

ಅತ್ತೆ ಸೆರಗು ತಿರುವುತ್ತ ಹೇಳಿದರು, ‘ನನ್ನ ಚೊಚ್ಚಲ ಕೂಸಿಗೆ ಹಾಕಿರಲಿಲ್ರಿ. ಅದು ಉಳೀಲಿಲ್ಲ.’

ನನ್ನ ಗಂಡನಿಗೆ ಒಬ್ಬ ಅಣ್ಣ ಹುಟ್ಟಿದ್ದನೆಂದು ನನಗೆ ತಿಳಿದದ್ದೇ ಆಗ.

‘ಅದು ನಿಮ್ಮ ತಪ್ಪಲ್ರಿ,’ ಎಂದರು ಡಾಕ್ಟರು. ‘ಆದ್ರ ಇವನ ಎದಿ ಭಾಳ ನಾಜೂಕದ. ಹೊಗಿ ಬಡದ್ರ ಉಸಿರಿನ ದಾರಿ ಬಿಗೀತದ. ಶಾಸ್ತ್ರ ಬಿಡಬ್ಯಾಡ್ರಿ, ಕೆಂಡ ಅಷ್ಟ ಬಿಡ್ರಿ.’

‘ಕೆಂಡ ಇಲ್ಲದ ಧೂಪ ಎಂಥಾದ್ರಿ?’

‘ಕೂಸಿನ್ನ ಕಾಯೂದು ಕೆಂಡ ಅಲ್ರಿ, ಅಜ್ಜಿ ಕೈ.’

ಏಳುತ್ತ ನನಗೂ ಹೇಳಿದರು: ‘ಬಾಳೆಹಣ್ಣು ಕೊಡವಾ. ಓಡ್ಲಿ, ಆಡ್ಲಿ. ಪಕ್ಕಿ ಸೆಳದ್ರ ಮಾತ್ರ ದಾರಿ ನೋಡಬ್ಯಾಡ, ಆಗಿಂದಾಗ ಕರಕೊಂಡು ಬಾ. ಭಾಳ ಹುಡುಗ್ರಿಗೆ ಬೆಳದ್ಹಂಗ ಇದು ಕಡಿಮಿ ಆಗ್ತದ.’

ಮರುದಿನ ಸ್ನಾನವಾದ ಮೇಲೆ ಅತ್ತೆ ತೊಳೆದ ಧೂಪಾರತಿ ತಂದರು. ಅದನ್ನು ಸುಧೀರನ ಸುತ್ತ ನಿವಾಳಿಸಿ, ಇಲ್ಲದ ಹೊಗೆಯನ್ನು ಅಂಗೈಯಿಂದ ಅವನ ಎದೆಗೆ ತೀಡಿದರು. ನನಗೆ ನಗು ಬರಬೇಕಿತ್ತು ನೋಡಿ, ಅಳು ಬಂದುಬಿಟ್ಟಿತು. ಟ್ರಂಕನ್ನು ತಿರುಗಿ ಅಟ್ಟಕ್ಕೇರಿಸಿದೆ.

ಉಬ್ಬಸವೇನೂ ಒಮ್ಮೆಲೇ ಹೋಗಲಿಲ್ಲ. ಮಳೆಗಾಲದ ನೆಗಡಿಗೆ ಬರುತ್ತಿತ್ತು, ಡಾಕ್ಟರ ಔಷಧಕ್ಕೆ ಇಳಿಯುತ್ತಿತ್ತು, ಬರಬರುತ್ತ ಅಪರೂಪವಾಯಿತು. ತಣ್ಣನೆಯ ಧೂಪ ಮಾತ್ರ ಅವನು ಶಾಲೆಯಲ್ಲಿ ಒಂದೆರಡು ಇಯತ್ತೆ ದಾಟುವವರೆಗೂ ನಡೆಯಿತು. ಅಂದು ಡಾಕ್ಟರು ನಾನು ಬಯಸಿದಂತೆ ಬೈದಿದ್ದರೆ ಮನೆ ಎರಡಾಗುತ್ತಿತ್ತು. ಆ ಪುಣ್ಯಾತ್ಮರ ಋಣ ನಾನು ತೀರಿಸಲಾರೆ.

ಮೊಮ್ಮಗಳಿಗೂ ಅಪ್ಪನ ಎದೆಯೇ ಬಂದಿದೆ. ಇವತ್ತು ಬೆಳಗ್ಗೆ ಅವಳ ಡಾಕ್ಟರು ಹೇಳಿದ ಔಷಧ ಕೊಟ್ಟಾಯಿತು, ಸ್ನಾನವೂ ಆಯಿತು. ಅತ್ತೆ ಹೋದಾಗಿನಿಂದ ಕಪಾಟಿನಲ್ಲೇ ಇದ್ದ ಧೂಪಾರತಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಕೆಂಡವಿಲ್ಲದೆಯೇ ಅವಳ ಸುತ್ತ ನಿವಾಳಿಸುತ್ತಿದ್ದೆ. ಸುಧೀರ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನೆತ್ತಿ ಬೋಳಾದ ಗಂಡಸು, ಬಂದು ಮಗಳ ಪಕ್ಕದಲ್ಲಿ ನೆಲದ ಮೇಲೆ ಕೂತ.

‘ನನಗೂ ಹಿಡಿ, ಅವ್ವಾ.’

ಹಿಡಿದೆ. ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದುಕೊಂಡ. ನಾನು ಬಾಗಿ ಕಿವಿಗೊಟ್ಟೆ. ಒಂದು ಸುಂಯ್ ಕೂಡ ಕೇಳಿಸಲಿಲ್ಲ.