ಎದುರಿನಿಂದಲೇ ತೆಗೆದ ಫೋಟೊಗಳು

ಗೆಳೆಯರೇ, ಇಂದು ಬೆಳಿಗ್ಗೆ ನಾನು ಕಳ್ಳತನ ಮಾಡಿದೆನೆಂದು ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ. ಕದ್ದದ್ದು ನಿಟ್ಟೂರಿನ ಗೆಳೆಯ ಮಂಜನ ಆಲ್ಬಮ್. ಕಾಲೇಜು ದಿನಗಳಲ್ಲಿ ನಾವು ಆರು ಜನ ತುಮಕೂರಿನಿಂದ ಕಡಬ ಹಾದು ಕುಣಿಗಲ್‌ವರೆಗೆ ಮೂರು ದಿನ ನಡೆದಾಗ ನಾನೇ ತೆಗೆದ ಫೋಟೊಗಳು ಅದರಲ್ಲಿ ಬೂಷ್ಟು ಹಿಡಿಯುತ್ತಿದ್ದವು. ನೆಗೆಟಿವ್‌ಗಳು ಕಳೆದಿದ್ದವು, ಕೇಳಿದ್ದರೆ ಮಂಜನ ಉತ್ತರವೂ ನೆಗೆಟಿವ್. ತುಮಕೂರಿನ ಶಿರಾ ಗೇಟಿನ ಫೋಟೊ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಸಿ.ಡಿ.ಗೆ ಹಾಕಿಸುತ್ತಿದ್ದೆ. ಆಲ್ಬಮ್ ಕಾಣದೆ ನನ್ನನ್ನು ಹುಡುಕಿಕೊಂಡು ಮಂಜ ನುಗ್ಗಿ ಬಂದ.

"ಏನ್ಲಾ, ನನ್ ಹತ್ರ ಇರೋದು ಅದೊಂದೇ ಕಣೋ! ಕೊಡ್ಲಾ ಇಲ್ಲಿ!"

ಪರದೆಯ ಮೇಲೆ ತನ್ನ ಚಿಗುರು ಮೀಸೆ ಕಂಡದ್ದೇ ಕುರ್ಚಿ ಎಳೆದುಕೊಂಡು ಕೂತ. ಒಂದೊಂದನ್ನೇ ನೋಡಿದ. ಸುಮಾರು ಹೊತ್ತಾದ ಮೇಲೆ ಕೇಳಿದ: "ಎಲ್ಲಾದ್ರಲ್ಲೂ ನಾವು ಎದುರಿಂದ ನಡ್ಕೊಂಡ್ ಬರ್ತಿದೀವಿ. ನೀನು ದಿನಾ ನಮಗಿಂತ ಮುಂದೆ ಹೆಂಗ್ಲಾ ಇದ್ದೆ?"

"ಕಾಲಿನ ಕಸುವು ಕಣೋ," ಎಂದೆ.

ನಿಮಗೆ ಮಾತ್ರ ಹೇಳುತ್ತೇನೆ. ಬೆಳಗಿನ ಬೆಳಕು ಚೆನ್ನಾಗಿರುತ್ತದೆಂದು ನೆಪ ಹೇಳಿ ಅವರಿಗಿಂತ ಮೊದಲೇ ಹೊರಟು, ಮೂರೂ ದಿನ ಬಸ್ಸು ಹತ್ತುತ್ತಿದ್ದೆ.