ಉಸಿರು ತಲುಪದ ಜಾಗ

ಮೊನ್ನೆ ಕೆಮ್ಮು ಹೆಚ್ಚಾಗಿ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಕ್ಲಿನಿಕ್ಕಿಗೆ ಹೋಗಿದ್ದೆ. ಔಷಧಿಯ ಹಬೆ ಕೊಡಲು ನರ್ಸಮ್ಮ ಮೂಗಿಗೆ ಮಾಸ್ಕ್ ಇಟ್ಟರು. ಆ ಪ್ಲಾಸ್ಟಿಕ್ ವಾಸನೆ ಬಡಿದದ್ದೇ ತಡ, ಹರಿಹರದ ನಮ್ಮ ಹೊಲಿಗೆ ಟೀಚರಮ್ಮ ಕಣ್ಣ ಮುಂದೆ ಬಂದು ನಿಂತರು...

ನಮ್ಮ ಓಣಿಯ ಹೆಣ್ಣುಮಕ್ಕಳಿಗೆಲ್ಲ ಜಂಪರ್ ಹೊಲಿಯುವುದನ್ನು ಕಲಿಸಿದವರು ಅವರೇ. ಹೊಲಿಗೆ ಸೊಟ್ಟಗಾದರೆ ಬೈಗುಳ, ಬೈದ ಮೇಲೆ ಚಹಾ. ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೆ ಅವರಿಗೆ ಮತ್ತೆ ಕಾಣಿಸಿಕೊಂಡಿತು. ಮೊದಲೇ ಮಡಿ ಜಾಸ್ತಿ. ತಿಂಗಳುಗಟ್ಟಲೆ ದೇವರ ಮನೆಯತ್ತ ಸುಳಿಯದೆ ದೂರ ಕೂತರೇ ಹೊರತು ಡಾಕ್ಟರ ಹತ್ತಿರ ಹೋಗಲಿಲ್ಲ. “ಟೀಚರಮ್ಮಂಗೆ ಪ್ರಾಯ ತಿರುಗಿ ಬಂತು ನೋಡ್ರೇ” ಎಂದು ಓಣಿಯವರು ಚುಡಾಯಿಸಿದರೆ ಅವರೂ ನಗುತ್ತಿದ್ದರು. ಅಯ್ಯೋ ದೇವರೇ, ಅದು ಗರ್ಭಕೋಶದ ಬಾಯಿಯ ಕ್ಯಾನ್ಸರ್!

ದಾವಣಗೆರೆಯ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಮಾಸ್ಕಿನಲ್ಲಿ ಆಕ್ಸಿಜನ್ ಕೊಡುತ್ತ, ಅದು ಗಡ್ಡೆಯೊಳಗೆ ಎಲ್ಲೆಲ್ಲಿ ತಲುಪುತ್ತದೆಂದು ತೋರಿಸುವ ಹೊಸ ಬಗೆಯ ಎಂಆರ್‌ಐ ಮಾಡಿದರು. ಡಾಕ್ಟರು ಪರದೆಯ ಮೇಲೆ ಗಡ್ಡೆಯ ನಡುವಿನ ಕಪ್ಪು ಜಾಗಕ್ಕೆ ಬೆರಳಿಟ್ಟು, “ಇಲ್ಲಿಗೆ ಆಕ್ಸಿಜನ್ ಹೋಗ್ತಾ ಇಲ್ಲ. ಆಕ್ಸಿಜನ್ ಇಲ್ಲದ ಕಡೆ ರೇಡಿಯೇಶನ್ ಸರಿಯಾಗಿ ಕೆಲಸ ಮಾಡಲ್ಲ. ಆದ್ರೂ ಕೊಟ್ಟು ನೋಡೋಣ” ಅಂದರು.

ಟೀಚರಮ್ಮ ಪಿಳಿಪಿಳಿ ನೋಡಿದರು. “ಅಲ್ರೀ, ನಾನು ಇಷ್ಟೊಂದು ಉಸಿರಾಡ್ತೀನಿ, ಅದಕ್ಕೊಂದಕ್ಕೆ ಯಾಕ ಹೋಗಲ್ಲ?”

ಡಾಕ್ಟರು ರೇಡಿಯೇಶನ್ನಿಗೆ ಬರಬೇಕಾದ ದಿನಗಳನ್ನು ಚೀಟಿಯಲ್ಲಿ ಬರೆದು ನನ್ನ ಕೈಗಿಟ್ಟರು.

ಹರಿಹರದಿಂದ ಬಸ್ಸಲ್ಲಿ ಹೋಗಿ ಬಂದು ರೇಡಿಯೇಶನ್ ಮುಗಿಸಿದರು. ಗಡ್ಡೆ ಕರಗುತ್ತಿದೆ ಎಂದಾಗ ನಾನು ಓಣಿಗೆಲ್ಲ ಸಕ್ಕರೆ ಹಂಚಿದ್ದೆ... ಕೆಲವು ತಿಂಗಳ ನಂತರದ ಸ್ಕ್ಯಾನ್ ನೋಡಿ ದಂಗಾಗಿ ಹೋದೆ. ಸುತ್ತಲಿನದೆಲ್ಲ ಕರಗಿತ್ತು. ಡಾಕ್ಟರು ಅವತ್ತು ಬೆರಳಿಟ್ಟು ತೋರಿಸಿದ್ದ ಜಾಗ ಮಾತ್ರ ಹಾಗೇ ಕೂತಿತ್ತು, ಅಲ್ಲಿಂದಲೇ ಮತ್ತೆ ಬೆಳೆಯುತ್ತಿತ್ತು. ಹೊರಗೆ ಬೆಂಚಿನ ಮೇಲಿದ್ದ ಟೀಚರಮ್ಮ, “ಹೆಂಗೈತವ್ವಾ?” ಅಂದರು. ನನ್ನ ಮುಖ ನೋಡಿಯೇ ತಿಳಿದುಕೊಂಡರು.

“ಹೋಗ್ಲಿ ಬಿಡು. ನಡಿ, ಬಸ್ಸಿಗೆ ಹೊತ್ತಾತು.”

ಮಳೆಗಾಲಕ್ಕೆ ಮೊದಲೇ ಹೋಗಿಬಿಟ್ಟರು. ಇವತ್ತಿಗೂ ನನಗೆ ನಂಬಲಾಗುವುದಿಲ್ಲ. ಗಡ್ಡೆ ಎಲ್ಲಿ ಉಳಿಯುತ್ತದೆ ಎಂದು ಮೊದಲ ದಿನವೇ ಕಣ್ಣಾರೆ ಕಂಡಿದ್ದೆವು... ಕಂಡೂ ಅವರನ್ನು ಕಳೆದುಕೊಂಡೆವು.