ಕೆಂಪರಾಜು ಮೈಕು ಹಿಡಿದ ದಿನ

ಸಾನಮಾವು ಕಾಡಿನ ಅಂಚಿನ ಕೆಂಪರಾಜುವಿಗೆ ಮೂಗಿನ ತುದಿಯಲ್ಲೇ ಕೋಪ. ಅದರಲ್ಲೂ ಆನೆ ಸಂತತಿ ಅಳಿಯುತ್ತಿದೆ ಎಂದು ಯಾರಾದರೂ ಬಾಯಿ ಬಿಟ್ಟರೆ ಮೈಯೆಲ್ಲ ಉರಿದುಹೋಗುತ್ತಿತ್ತು. ತಮಟೆ ಬಡಿದು, ಪಟಾಕಿ ಹೊಡೆದು, ಆನೆ ಓಡಿಸುವುದರಲ್ಲೇ ಅರ್ಧ ಆಯುಸ್ಸು ಕಳೆದವನು ಅವನು.

ಆ ದಿನ ಅವನ ಹೊಲದಲ್ಲಿ ಮುಯ್ಯಿ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಯ ಮಾತೇ ಇಲ್ಲ. ಊರಿನ ರಾಗಿಯೆಲ್ಲ ಹೀಗೇ ಕಣ ಸೇರುವುದು. ಹಿಂದಿನ ದಿನ ಕೊಯ್ದ ರಾಗಿ ನೆಲದ ಮೇಲಿತ್ತು. ಸಂಜೆಯೊಳಗೆ ಹೊರೆ ಕಟ್ಟಿ ಸಾಗಿಸದಿದ್ದರೆ ಆನೆಗಳ ಪಾಲು. ಮನೆಯವರ ವರ್ಷದ ಮುದ್ದೆ ಅದು. ಹೊತ್ತು ಏರಿದರೂ ಒಬ್ಬ ಆಳೂ ಬರಲಿಲ್ಲ.

"ಎಲ್ಲಾ ಇಸ್ಕೂಲ್ ತಾವ ಮೀಟಿಂಗ್‌ಗೆ ಹೋಗವ್ರೆ. ಊಟನೂ ಹಾಕ್ತಾರಂತೆ," ಎಂದಳು ಹೆಂಡತಿ ಬೈರಮ್ಮ.

ಕೆಂಪರಾಜು ಪಂಚೆ ಎತ್ತಿಕಟ್ಟಿ ಓಡಿದ. ಶಾಲೆಯ ಅಂಗಳದಲ್ಲಿ, ಆನೆ ಉಳಿಸುವ ಸಭೆಗೆಂದು ಹೊಸೂರಿನಿಂದ ಬಂದ ರಮಾದೇವಿ ಮೇಡಂ, ಬಿಸಿಲು ಹೀಗೇ ಏರಿದರೆ ಕಾಡಿನ ನೀರು ಬತ್ತಿ ಆನೆಗಳೇ ಇಲ್ಲವಾಗುತ್ತವೆ ಎನ್ನುತ್ತಿದ್ದರು. ಇವನ ಆಳುಗಳೆಲ್ಲ ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದರು.

"ಎದ್ದೇಳ್ರಲಾ!" ಎಂದು ಅರಚಿದ. ಮೇಡಂ ನಗುತ್ತಾ ಮೈಕು ಕೊಟ್ಟು, "ನೀವೂ ಎರಡು ಮಾತಾಡಿ" ಎಂದರು. ಅಲ್ಲೇ ಎಡವಟ್ಟಾಯಿತು.

"ಇಲ್ದಂಗಾಯ್ತವಾ? ಹಂಗಾರೆ ನನ್ ಹೊಲ ತುಳ್ಯೋರು ಯಾರಮ್ಮಾ? ನಮ್ಮಪ್ಪನ ಕಾಲ್ದಾಗೆ ಒಂದೋ ಎರಡೋ ಬತ್ತಿದ್ವು, ಈಗ ಹಿಂಡ್‌ಗಟ್ಲೆ ಬತ್ತವೆ!"

ಚಪ್ಪಾಳೆ ಬಿತ್ತು. ಜನ್ಮದಲ್ಲೇ ಅವನ ಮಾತಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಮುರಿದ ಬೇಲಿ, ಸಿಗದ ಪರಿಹಾರ, ಆಫೀಸಿಗೆ ಅಲೆದು ಸವೆದ ಚಪ್ಪಲಿ, ಹೊಟ್ಟೆಯೊಳಗಿದ್ದದ್ದೆಲ್ಲ ಹೊರಬಂತು. "ಕಾಡಲ್ಲಿ ನೀರಿಲ್ಲ ಅಂತಾನೇ ಅವು ಊರಿಗೆ ಬರೋದು" ಎಂದು ಮೇಡಂ ಅಂದರೆ, ಇವನು ಇನ್ನೊಂದು ಕಥೆ ತೆಗೆದ. ಊಟದ ಎಲೆ ಎತ್ತಿದ ಮೇಲೂ ನಿಲ್ಲಿಸಲಿಲ್ಲ. ಬಿಸಿಲು ಇಳಿದಾಗ ಅಕ್ಕನ ಮಗ ಚಿರಂಜೀವಿ ದಡಕ್ಕನೆ ಎದ್ದು, "ಮಾವಾ, ನಿನ್ ರಾಗಿ!" ಎಂದ.

ಎಲ್ಲರೂ ಓಡಿದರು. ಹೊಲದ ತುಂಬ ಆನೆಗಳು. ಬೈರಮ್ಮ ಒಬ್ಬಳೇ ಕಟ್ಟಿದ್ದ ಹೊರೆಗಳನ್ನೂ ಬಿಚ್ಚಿ ತಿನ್ನುತ್ತಿದ್ದವು. ಅವಳು ದೂರದ ಬಂಡೆಯ ಮೇಲೆ ನಿಂತು ಅಳುತ್ತಿದ್ದಳು. ಗಂಡನನ್ನು ಕಂಡು, "ಯಾಕ್ ಬಂದ್ರಿ? ಹೋಗಿ, ಇನ್ನೊಂದಿಷ್ಟು ಮಾತಾಡ್ಬುಟ್ಟು ಬನ್ನಿ," ಎಂದಳು.

ಮರುದಿನ ಚಿರಂಜೀವಿಯ ಹೊಲದ ಸರದಿ. ಮೊನ್ನೆ ಕೆಂಪರಾಜುವಿನ ರಾಗಿ ಕೊಯ್ಯಲು ಅವನು ಬಂದಿದ್ದ. ಆ ಮುಯ್ಯಿ ತೀರಿಸದೆ ಊರಲ್ಲಿ ಬಾಳುವುದುಂಟೇ? ಕೆಂಪರಾಜು ಹೋದ. "ನೆನ್ನೆ ಸಕತ್ತಾಗ್ ಮಾತಾಡ್ದೆ ಬುಡು ಮಾವಾ," ಎಂದು ಯಾರೋ ಬೆನ್ನು ತಟ್ಟಿದರು. ಅವನು ತನ್ನದಲ್ಲದ ರಾಗಿಯನ್ನು ಸಂಜೆಯವರೆಗೂ ಹೊತ್ತ.